ಮುಳ್ಳಿಗೆ ಮುಳ್ಳು: ಹೊಗೆ, ನಿಕೋಟಿನ್ ಮತ್ತು ಕ್ಯಾನ್ಸರ್ ರೋಗಿ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಕಾಲಿಗೆ ನೆಟ್ಟ ಮುಳ್ಳನ್ನು ಇನ್ನೊಂದು ಮುಳ್ಳಿನ ತುದಿಯಿಂದ ಮೀಟಿ ತೆಗೆದು, ಕೊನೆಗೆ ಎರಡನ್ನೂ ಬೇಲಿಗೆ ಎಸೆಯುವುದು ರೂಢಿ. ಆದರೆ ಈ ಗಾದೆ ಹೇಳದೆ ಬಿಟ್ಟ ಮಾತೊಂದಿದೆ. ತೆಗೆಯಲು ಬಳಸಿದ ಮುಳ್ಳೇ ಕಾಲಿನಲ್ಲಿ ಮುರಿದುಕೊಂಡರೆ ಏನು ಗತಿ?

ತಂಬಾಕಿನ ಚಟದ ವಿಷಯದಲ್ಲಿ ವೈದ್ಯಲೋಕವನ್ನು ಇಂದು ಕಾಡುತ್ತಿರುವುದು ಇದೇ ಪ್ರಶ್ನೆ. ಶ್ವಾಸಕೋಶಕ್ಕೋ ಗಂಟಲಿಗೋ ಕ್ಯಾನ್ಸರ್ ತಗುಲಿದೆ ಎಂದು ತಿಳಿದ ಮೇಲೂ ಸಿಗರೇಟು ಬಿಡಲಾಗದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮನೆಯವರ ಕಣ್ಣು ತಪ್ಪಿಸಿ, ವೈದ್ಯರಿಗೆ ಸುಳ್ಳು ಹೇಳಿ, ಆಸ್ಪತ್ರೆಯ ಕಾಂಪೌಂಡಿನ ಹೊರಗೆ ನಿಂತು ಸೇದುವ ಇವರಿಗೆ ‘ಬಿಟ್ಟುಬಿಡಿ’ ಎಂಬ ಉಪದೇಶ ನೂರು ಸಲ ಆಗಿರುತ್ತದೆ. ಉಪದೇಶದಿಂದ ಕೆಲಸವಾಗದಿದ್ದಾಗ, ಹೊಗೆಯಿಲ್ಲದೆ ನಿಕೋಟಿನ್ ಅನ್ನು ಮಾತ್ರ ಒದಗಿಸುವ ಇ-ಸಿಗರೇಟನ್ನು ಇವರ ಕೈಗೆ ಕೊಡಬಹುದೇ? ಬ್ರಿಟನ್ನಿನ ವೈದ್ಯರಲ್ಲಿ ಅನೇಕರು ಕೊಡಬಹುದು ಎನ್ನುತ್ತಾರೆ. ಅಮೆರಿಕದ ಕ್ಯಾನ್ಸರ್ ತಜ್ಞರು ಅನುಮಾನಿಸುತ್ತಾರೆ. ನಮ್ಮ ದೇಶದಲ್ಲಿ ಅದರ ಮಾರಾಟವೇ 2019ರಿಂದ ಶಿಕ್ಷಾರ್ಹ ಅಪರಾಧ.

ಮೂರು ಕಡೆಯ ವಿಜ್ಞಾನವೂ ಒಂದೇ ಆಗಿರುವಾಗ ತೀರ್ಮಾನಗಳು ಹೀಗೇಕೆ ಬೇರೆ ಬೇರೆಯಾದವು? ಇದಕ್ಕೆ ಉತ್ತರ ಪ್ರಯೋಗಶಾಲೆಯಲ್ಲಿ ಇರುವಷ್ಟೇ ಇತಿಹಾಸದಲ್ಲೂ ಇದೆ. ‘ದೊಡ್ಡ ವಿಷದ ಬದಲು ಸಣ್ಣ ವಿಷ’ ಎಂಬ ಆಲೋಚನೆ ಹೊಸದೇನಲ್ಲ. ಅದು ಕೆಲವೊಮ್ಮೆ ಜೀವ ಉಳಿಸಿದೆ, ಕೆಲವೊಮ್ಮೆ ಜನರನ್ನು ಘೋರವಾಗಿ ವಂಚಿಸಿದೆ.

ಫ್ರಾಯ್ಡ್ ಅವರ ಎರಡು ಪಾಠಗಳು

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರ ಜೀವನದಲ್ಲಿ ಈ ಕಥೆಯ ಎರಡು ಮುಖಗಳೂ ಕಾಣಸಿಗುತ್ತವೆ. 1884ರಲ್ಲಿ ಅವರಿನ್ನೂ ವಿಯೆನ್ನಾದ ತರುಣ ವೈದ್ಯ. ಅವರ ಗೆಳೆಯ ಎರ್ನ್ಸ್ಟ್ ಫಾನ್ ಫ್ಲೈಶಲ್ ಎಂಬ ಶರೀರವಿಜ್ಞಾನಿ, ಕೈಬೆರಳಿನ ಗಾಯದಿಂದ ಉಂಟಾದ ತೀವ್ರ ನರನೋವನ್ನು ತಾಳಲಾರದೆ ಮಾರ್ಫೀನಿಗೆ ದಾಸರಾಗಿದ್ದರು. ಅವರನ್ನು ಮಾರ್ಫೀನಿನಿಂದ ಬಿಡಿಸಲು ಫ್ರಾಯ್ಡ್ ಕೊಟ್ಟದ್ದು ಆಗ ಹೊಸದಾಗಿ ಬಳಕೆಗೆ ಬರುತ್ತಿದ್ದ ಕೊಕೇನನ್ನು. ಅದು ಚಟ ಹಿಡಿಸುವ ಪದಾರ್ಥವಲ್ಲ ಎಂದು ಅವರು ನಂಬಿದ್ದರು. ಪರಿಣಾಮವಾಗಿ ಗೆಳೆಯನಿಗೆ ಮಾರ್ಫೀನಿನ ಜೊತೆಗೆ ಕೊಕೇನಿನ ಚಟವೂ ಅಂಟಿಕೊಂಡಿತು. 1891ರಲ್ಲಿ ಆತ ತೀರಿಕೊಂಡರು. ಮುಳ್ಳು ತೆಗೆಯಲು ಹೋದ ಮುಳ್ಳು ಅಲ್ಲಿಯೇ ಮುರಿದುಕೊಂಡಿತ್ತು.

ಎರಡನೆಯ ಪಾಠ ಫ್ರಾಯ್ಡ್ ಅವರ ಸ್ವಂತ ದೇಹದ ಮೇಲೆಯೇ ಬರೆಯಲ್ಪಟ್ಟಿತು. ದಿನಕ್ಕೆ ಸುಮಾರು ಇಪ್ಪತ್ತು ಚುಟ್ಟ ಸೇದುತ್ತಿದ್ದ ಅವರಿಗೆ 1894ರಲ್ಲಿ ಹೃದಯದ ಬಡಿತ ಏರುಪೇರಾದಾಗ, ಗೆಳೆಯ ವಿಲ್ಹೆಲ್ಮ್ ಫ್ಲೀಸ್ ತಂಬಾಕು ಬಿಡುವಂತೆ ಸಲಹೆ ಕೊಟ್ಟರು. ಫ್ರಾಯ್ಡ್ ಪ್ರಯತ್ನಪಟ್ಟರು, ಬಿಡಲಾಗಲಿಲ್ಲ. 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ಅದೇ ವರ್ಷ ಹಾನ್ಸ್ ಪಿಶ್ಲರ್ ಎಂಬ ಶಸ್ತ್ರವೈದ್ಯರು ಮೇಲ್ದವಡೆ ಮತ್ತು ಅಂಗುಳದ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದರು. ಬಾಯಿಗೂ ಮೂಗಿಗೂ ನಡುವೆ ಉಳಿದ ರಂಧ್ರವನ್ನು ಮುಚ್ಚಲು ಹಲ್ಲುಸೆಟ್ಟಿನಂಥ ಕೃತಕ ಅಂಗುಳವೊಂದನ್ನು ಧರಿಸಬೇಕಾಯಿತು. ಮಾತು ಅಸ್ಪಷ್ಟವಾಯಿತು, ಊಟ ಮಾಡುವುದೇ ಹಿಂಸೆಯಾಯಿತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು.

ಈ ವರ್ಷಗಳಲ್ಲೂ ಅವರು ಚುಟ್ಟವನ್ನು ಪೂರ್ತಿ ಬಿಡಲಿಲ್ಲ. ಮನುಷ್ಯನ ಮನಸ್ಸಿನ ಆಳವನ್ನು ಶೋಧಿಸಿದ ವ್ಯಕ್ತಿಗೆ, ತನ್ನ ಬಾಯಿಯನ್ನೇ ತಿನ್ನುತ್ತಿದ್ದ ಚಟದ ಕಾರಣ ಗೊತ್ತಿರಲಿಲ್ಲವೆಂದಲ್ಲ. ವೈದ್ಯರು ಎಚ್ಚರಿಸಿದ್ದರು. ಸ್ವತಃ ವೈದ್ಯರಾಗಿದ್ದ ಅವರಿಗೆ ಎಲ್ಲವೂ ತಿಳಿದಿತ್ತು. ನಾಜಿಗಳು ಆಸ್ಟ್ರಿಯವನ್ನು ನುಂಗಿದ ಮೇಲೆ 1938ರಲ್ಲಿ ಲಂಡನ್ನಿಗೆ ಬಂದ ಅವರು 1939ರ ಸೆಪ್ಟೆಂಬರ್ 23ರಂದು ಅಲ್ಲಿಯೇ ಕೊನೆಯುಸಿರೆಳೆದರು. ತಿಳಿವಳಿಕೆಯೊಂದೇ ಚಟವನ್ನು ಬಿಡಿಸಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಫ್ರಾಯ್ಡ್ ಕಾಲದ ವೈದ್ಯರ ಬಳಿ ‘ಬಿಡಿ’ ಎಂಬ ಮಾತನ್ನು ಬಿಟ್ಟು ಬೇರೆ ಔಷಧಿಯೂ ಇರಲಿಲ್ಲ.

ಶಸ್ತ್ರವೈದ್ಯನೇ ರೋಗಿಯಾದಾಗ

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಅಂಕಿ-ಅಂಶಗಳ ಮೂಲಕ ಗಟ್ಟಿಯಾಗಿ ಸ್ಥಾಪಿತವಾದದ್ದು 1950ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಎರ್ನ್ಸ್ಟ್ ವೈಂಡರ್ ಮತ್ತು ಎವರ್ಟ್ಸ್ ಗ್ರಹಾಂ 684 ರೋಗಿಗಳ ವಿವರವನ್ನು ಪ್ರಕಟಿಸಿದರು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ತಮ್ಮ ಸಂಶೋಧನೆಯನ್ನು ಮುಂದಿಟ್ಟರು. ತಮ್ಮದೇ ಅಧ್ಯಯನದ ಅಂಕಿಗಳನ್ನು ನೋಡುತ್ತಿದ್ದಂತೆಯೇ ಡಾಲ್ ಸಿಗರೇಟು ಬಿಟ್ಟರು.

ಗ್ರಹಾಂ ಅವರ ಕಥೆ ಹೆಚ್ಚು ಕರುಣಾಜನಕ. ಸೇಂಟ್ ಲೂಯಿಸ್ ನಗರದ ಈ ಹೆಸರಾಂತ ಶಸ್ತ್ರವೈದ್ಯರು 1933ರಲ್ಲಿ ಕ್ಯಾನ್ಸರ್ ಪೀಡಿತ ವೈದ್ಯರೊಬ್ಬರ ಒಂದು ಕಡೆಯ ಶ್ವಾಸಕೋಶವನ್ನು ಇಡಿಯಾಗಿ ತೆಗೆದು, ರೋಗಿಯನ್ನು ಬದುಕಿಸಿ ಚರಿತ್ರೆ ನಿರ್ಮಿಸಿದ್ದರು. ಸ್ವತಃ ಅವರೂ ಬಹುಕಾಲದ ಧೂಮಪಾನಿ. ಸಿಗರೇಟಿನ ಮೇಲಿನ ಆರೋಪವನ್ನು ಮೊದಲು ಒಪ್ಪಿರಲಿಲ್ಲ. ತಮ್ಮ ಹೆಸರಿನ ಅಧ್ಯಯನವೇ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿದ ನಂತರ ಸಿಗರೇಟನ್ನು ತ್ಯಜಿಸಿದರು. ಆದರೆ ತಡವಾಗಿತ್ತು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರೇ ಅವರನ್ನು ಬಲಿ ತೆಗೆದುಕೊಂಡಿತು. 1933ರಲ್ಲಿ ಅವರ ಕತ್ತಿಗೆ ಮೈಯೊಡ್ಡಿದ್ದ ರೋಗಿ ಅವರ ಸಾವಿನ ನಂತರವೂ ಕೆಲವು ವರ್ಷ ಬದುಕಿದ್ದರು.

ತಡವಾಗಿ ಬಿಟ್ಟರೆ ಪ್ರಯೋಜನವೇ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 30ನೇ ವಯಸ್ಸಿಗೆ ಸಿಗರೇಟು ಬಿಟ್ಟವರು ಸುಮಾರು 10 ವರ್ಷ, 40ಕ್ಕೆ ಬಿಟ್ಟವರು 9 ವರ್ಷ, 50ಕ್ಕೆ ಬಿಟ್ಟವರು 6 ವರ್ಷ, 60ಕ್ಕೆ ಬಿಟ್ಟವರು 3 ವರ್ಷ ಆಯುಷ್ಯ ಗಳಿಸುತ್ತಾರೆ. ಕ್ಯಾನ್ಸರ್ ಬಂದ ಮೇಲಿನ ಲೆಕ್ಕವನ್ನು ಮುಂದೆ ನೋಡೋಣ.

‘ಸುರಕ್ಷಿತ’ ಸಿಗರೇಟಿನ ಮೋಸ

1950ರ ವರದಿಗಳಿಂದ ಬೆಚ್ಚಿದ ಧೂಮಪಾನಿಗಳನ್ನು ಕಳೆದುಕೊಳ್ಳಲು ಸಿಗರೇಟು ಕಂಪೆನಿಗಳು ಸಿದ್ಧವಿರಲಿಲ್ಲ. ಅವು ಮುಂದಿಟ್ಟದ್ದು ಫಿಲ್ಟರ್ ಎಂಬ ಸಣ್ಣ ತುಂಡನ್ನು. ಅಮೆರಿಕದಲ್ಲಿ 1950ರಲ್ಲಿ ಮಾರಾಟವಾದ ಸಿಗರೇಟುಗಳಲ್ಲಿ ಫಿಲ್ಟರ್ ಇದ್ದವು ನೂರಕ್ಕೆ ಒಂದಕ್ಕಿಂತ ಕಡಿಮೆ. 1960ರ ಹೊತ್ತಿಗೆ ಅವು ಅರ್ಧದಷ್ಟಾದವು. ಕಾರಣ ರುಚಿಯಲ್ಲ, ಭಯ. ವಿಷ ಸೋಸಿ ಹೋಗುತ್ತದೆ ಎಂದು ಜನ ನಂಬಿದರು.

ಇದರಲ್ಲಿ ಒಂದು ಉದಾಹರಣೆಯನ್ನು ಮರೆಯುವಂತಿಲ್ಲ. ಲಾರಿಲಾರ್ಡ್ ಕಂಪೆನಿ 1952ರಲ್ಲಿ ಕೆಂಟ್ ಎಂಬ ಸಿಗರೇಟನ್ನು ‘ಮೈಕ್ರೊನೈಟ್’ ಫಿಲ್ಟರಿನೊಂದಿಗೆ ಮಾರುಕಟ್ಟೆಗೆ ತಂದಿತು. ಆರೋಗ್ಯದ ರಕ್ಷಣೆ ಎಂದೇ ಅದರ ಪ್ರಚಾರ ನಡೆಯಿತು. ಆ ಫಿಲ್ಟರಿನಲ್ಲಿ ಬಳಸಿದ್ದ ಪದಾರ್ಥ ನೀಲಿ ಆಸ್ಬೆಸ್ಟಸ್, ಅಂದರೆ ಸ್ವತಃ ಕ್ಯಾನ್ಸರ್ ಉಂಟುಮಾಡುವ ನಾರು. 1956ರಲ್ಲಿ ಅದನ್ನು ಸದ್ದಿಲ್ಲದೆ ಬದಲಾಯಿಸಲಾಯಿತು. ಭಯಗೊಂಡವನಿಗೆ ಅಭಯವೆಂದು ಕೊಟ್ಟದ್ದೇ ವಿಷವಾಗಿತ್ತು.

ಫಿಲ್ಟರಿನ ನಂತರ ಬಂದದ್ದು ‘ಲೈಟ್’ ಸಿಗರೇಟು. ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಪರೀಕ್ಷೆಯ ಯಂತ್ರ ಅದನ್ನು ಸೇದಿದಾಗ ರಂಧ್ರಗಳಿಂದ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತಿತ್ತು, ಟಾರಿನ ಅಂಕಿ ಕಡಿಮೆ ಬರುತ್ತಿತ್ತು. ಮನುಷ್ಯ ಯಂತ್ರವಲ್ಲ. ಅವನ ತುಟಿ ಮತ್ತು ಬೆರಳು ಆ ರಂಧ್ರಗಳನ್ನು ಮುಚ್ಚುತ್ತಿದ್ದವು. ಸಾಲದ ನಿಕೋಟಿನ್ನಿಗಾಗಿ ಆತ ಇನ್ನಷ್ಟು ಆಳಕ್ಕೆ ಎಳೆಯುತ್ತಿದ್ದ, ಇನ್ನೊಂದು ಹಚ್ಚುತ್ತಿದ್ದ. ಇಂಥ ಸಿಗರೇಟಿನಿಂದ ಸಾರ್ವಜನಿಕರ ಆರೋಗ್ಯಕ್ಕೆ ಲಾಭವಾದದ್ದಕ್ಕೆ ಆಧಾರವಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲಿ ಘೋಷಿಸಿತು. 2006ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್, ಕಂಪೆನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪಿತ್ತರು. 2010ರಿಂದ ‘ಲೈಟ್’ ಎಂಬ ಪದವನ್ನೇ ಸಿಗರೇಟಿನ ಪೊಟ್ಟಣದ ಮೇಲೆ ಬಳಸದಂತೆ ಅಲ್ಲಿ ನಿಷೇಧವಾಯಿತು.

‘ಕಡಿಮೆ ಹಾನಿ’ ಎಂಬ ಮಾತು ಕೇಳಿದೊಡನೆ ಅನೇಕ ಹಿರಿಯ ವೈದ್ಯರು ಇಂದಿಗೂ ಹುಬ್ಬೇರಿಸುವುದು ಈ ಕಾರಣದಿಂದ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಹಾಲನ್ನು ಕಂಡರೇ ಓಡುವಂತೆ ಅವರ ಸ್ಥಿತಿ.

ಜಲಾಂತರ್ಗಾಮಿಯಿಂದ ಬಂದ ಔಷಧಿ

ಕಂಪೆನಿಗಳ ಈ ಆಟ ನಡೆಯುತ್ತಿದ್ದ ಕಾಲದಲ್ಲಿಯೇ ಸ್ವೀಡನ್ನಿನಲ್ಲಿ ಇನ್ನೊಂದು ಪ್ರಯತ್ನ ಆರಂಭವಾಯಿತು. ಹೆಲ್ಸಿಂಗ್‌ಬೋರಿಯ ಲಿಯೋ ಎಂಬ ಔಷಧ ಕಂಪೆನಿಯಲ್ಲಿ ಸಂಶೋಧಕರಾಗಿದ್ದ ಊವೆ ಫೆರ್ನೊ ಅವರಿಗೆ 1967ರ ಡಿಸೆಂಬರಿನಲ್ಲಿ, ಲುಂಡ್ ವಿಶ್ವವಿದ್ಯಾಲಯದ ಕ್ಲಾಸ್ ಲುಂಡ್‌ಗ್ರೆನ್ ಎಂಬ ವಿಜ್ಞಾನಿಯಿಂದ ಪತ್ರವೊಂದು ಬಂತು. ಜಲಾಂತರ್ಗಾಮಿ ನೌಕೆಗಳಲ್ಲಿ ಸಿಗರೇಟು ಸೇದಲಾಗದ ನಾವಿಕರು ಬಾಯಲ್ಲಿಡುವ ತಂಬಾಕಿನಿಂದ ತೃಪ್ತಿಪಟ್ಟುಕೊಳ್ಳುತ್ತಿದ್ದಾರೆ, ಹಾಗಾದರೆ ನಿಕೋಟಿನ್ ಅನ್ನೇ ಔಷಧಿಯ ರೂಪದಲ್ಲಿ ಕೊಟ್ಟು ಸಿಗರೇಟು ಬಿಡಿಸಲಾಗದೇ ಎಂಬುದು ಅದರ ಸಾರಾಂಶ. ಫೆರ್ನೊ ಹತ್ತು ವರ್ಷ ದುಡಿದರು. ನಿಕೋಟಿನ್ ಒಮ್ಮೆಲೇ ಹೊರಬೀಳದೆ, ಅಗಿದಂತೆಲ್ಲ ನಿಧಾನವಾಗಿ ಬಾಯಿಯ ಒಳಚರ್ಮದ ಮೂಲಕ ರಕ್ತಕ್ಕೆ ಸೇರುವಂಥ ಚ್ಯೂಯಿಂಗ್ ಗಮ್ಮನ್ನು ರೂಪಿಸಿದರು. ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅಮೆರಿಕ 1984ರಲ್ಲಿ ಒಪ್ಪಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈ ಚಿಕಿತ್ಸೆಯ ಹಿಂದಿನ ತರ್ಕವನ್ನು ಸ್ಪಷ್ಟವಾಗಿ ಮುಂದಿಟ್ಟವರು ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್. ಜನ ಸೇದುವುದು ನಿಕೋಟಿನ್ನಿಗಾಗಿ, ಆದರೆ ಸಾಯುವುದು ಟಾರಿನಿಂದ ಎಂಬ ಅರ್ಥದ ಮಾತನ್ನು ಅವರು 1976ರಲ್ಲಿ ಬರೆದರು. ಸಿಗರೇಟಿನ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಉರಿಯುತ್ತದೆ. ಆ ಬೆಂಕಿಯಲ್ಲಿ ಹುಟ್ಟುವ ರಾಸಾಯನಿಕಗಳು ಏಳು ಸಾವಿರಕ್ಕೂ ಹೆಚ್ಚು, ಅವುಗಳಲ್ಲಿ ಕ್ಯಾನ್ಸರ್‌ಕಾರಕಗಳೆಂದು ಗುರುತಿಸಲ್ಪಟ್ಟವೇ ಎಪ್ಪತ್ತರಷ್ಟು. ನಿಕೋಟಿನ್ ಚಟ ಹಿಡಿಸುತ್ತದೆ, ಹೃದಯದ ಬಡಿತ ಹೆಚ್ಚಿಸುತ್ತದೆ, ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಗರ್ಭಿಣಿಯರಿಗೂ ಎಳೆಯರಿಗೂ ಅದು ಸಲ್ಲದು. ಆದರೆ ಧೂಮಪಾನಿಯ ಕ್ಯಾನ್ಸರಿನ ಮುಖ್ಯ ಅಪರಾಧಿ ಅದಲ್ಲ, ಹೊಗೆ.

ಗಮ್ಮಿಗೂ ಫಿಲ್ಟರಿಗೂ ಇರುವ ವ್ಯತ್ಯಾಸ ಗಮನಿಸಬೇಕಾದದ್ದು. ಫಿಲ್ಟರನ್ನು ಕೊಟ್ಟವನು ಸಿಗರೇಟು ಮಾರುವವನು. ಅದನ್ನು ಅಳೆದದ್ದು ಯಂತ್ರ. ಅದರ ಗುರಿ ಗಿರಾಕಿಯನ್ನು ಉಳಿಸಿಕೊಳ್ಳುವುದು. ಗಮ್ಮನ್ನು ರೋಗಿಗಳ ಮೇಲೆ ಪರೀಕ್ಷಿಸಿ, ಪ್ರಮಾಣ ಗೊತ್ತುಮಾಡಿ, ಇಷ್ಟು ವಾರಗಳ ನಂತರ ಇದನ್ನೂ ಬಿಡಬೇಕು ಎಂಬ ನಿಬಂಧನೆಯೊಂದಿಗೆ ಕೊಡಲಾಯಿತು. ಎರಡನೆಯ ಮುಳ್ಳನ್ನೂ ಬೇಲಿಗೆ ಎಸೆಯುವ ಏರ್ಪಾಡು ಅದರಲ್ಲೇ ಇತ್ತು. ಅದರ ದೌರ್ಬಲ್ಯವೆಂದರೆ ಸಿಗರೇಟಿನಂತೆ ಕ್ಷಣಾರ್ಧದಲ್ಲಿ ಮಿದುಳನ್ನು ತಲುಪದು, ಕೈಗೂ ಬಾಯಿಗೂ ಅಭ್ಯಾಸವಾದ ಕ್ರಿಯೆಯನ್ನು ತುಂಬಿಕೊಡದು. ಹೀಗಾಗಿ ಗಮ್ ಅಗಿದವರಲ್ಲಿ ಬಹುಪಾಲು ಜನ ಮತ್ತೆ ಸಿಗರೇಟಿಗೇ ಮರಳುತ್ತಿದ್ದರು.

ಶೆನ್ಯಾಂಗಿನ ಔಷಧ ತಜ್ಞ

ಆ ಕೊರತೆಯನ್ನು ತುಂಬುವ ಸಾಧನದ ಕನಸು 1963ರಷ್ಟು ಹಿಂದೆಯೇ ಬಿದ್ದಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಬರ್ಟ್ ಗಿಲ್ಬರ್ಟ್, ತಂಬಾಕೂ ಹೊಗೆಯೂ ಇಲ್ಲದ ಸಿಗರೇಟಿಗೆ ಆ ವರ್ಷ ಅರ್ಜಿ ಹಾಕಿ 1965ರಲ್ಲಿ ಪೇಟೆಂಟ್ ಪಡೆದರು. ಅದನ್ನು ತಯಾರಿಸಲು ಯಾರೂ ಮುಂದಾಗಲಿಲ್ಲ. ನಲವತ್ತು ವರ್ಷಗಳ ನಂತರ ಚೀನಾದ ಶೆನ್ಯಾಂಗ್ ನಗರದ ಹೊನ್ ಲಿಕ್ ಎಂಬ ಔಷಧ ತಜ್ಞರು ಅದೇ ಕೆಲಸವನ್ನು ಬೇರೆ ದಾರಿಯಲ್ಲಿ ಸಾಧಿಸಿದರು. ಅವರೂ ವಿಪರೀತ ಸೇದುವವರು. ಅವರ ತಂದೆಯೂ ಧೂಮಪಾನಿಯಾಗಿದ್ದು, ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. 2003ರಲ್ಲಿ ಲಿಕ್ ಪೇಟೆಂಟಿಗೆ ಅರ್ಜಿ ಹಾಕಿದ ಉಪಕರಣದಲ್ಲಿ ಬ್ಯಾಟರಿಯ ಶಕ್ತಿಯಿಂದ ನಿಕೋಟಿನ್ ಬೆರೆತ ದ್ರವ ಮಂಜಿನಂಥ ಹನಿಗಳಾಗುತ್ತಿತ್ತು. ಮರುವರ್ಷ ಅದು ಚೀನಾದ ಮಾರುಕಟ್ಟೆಗೆ ಬಂತು. ಅದಕ್ಕಿಟ್ಟ ಹೆಸರು ‘ರುಯಾನ್’, ಅಂದರೆ ಹೊಗೆಯಂಥದ್ದು.

ಇಂದಿನ ಇ-ಸಿಗರೇಟಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸುರುಳಿ ತಂತಿ ಕಾಯುತ್ತದೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಸುವಾಸನೆಯ ಪದಾರ್ಥಗಳಿರುವ ದ್ರವ ಅದರ ಬಿಸಿಗೆ ಆವಿಯಾಗುತ್ತದೆ. ಏನೂ ಉರಿಯುವುದಿಲ್ಲವಾದ್ದರಿಂದ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲದಷ್ಟು ಕಡಿಮೆ. ಹಾಗೆಂದು ಅದು ಬರೀ ನೀರಾವಿಯಲ್ಲ. ತಂತಿ ಮಿತಿಮೀರಿ ಕಾದರೆ ಫಾರ್ಮಾಲ್ಡಿಹೈಡಿನಂಥ ವಿಷಗಳು ಹುಟ್ಟುತ್ತವೆ. ಲೋಹದ ಸೂಕ್ಷ್ಮ ಕಣಗಳೂ ಸೇರಬಹುದು. ಬಳಕೆಗೆ ಬಂದು ಇಪ್ಪತ್ತು ವರ್ಷಗಳಷ್ಟೇ ಆಗಿರುವುದರಿಂದ ದೀರ್ಘಕಾಲದ ಪರಿಣಾಮಗಳ ಪೂರ್ಣ ಚಿತ್ರ ಯಾರ ಬಳಿಯೂ ಇಲ್ಲ.

ಲಂಡನ್ ಒಂದು ಕಡೆ, ವಾಷಿಂಗ್ಟನ್ ಇನ್ನೊಂದು ಕಡೆ

ರಸೆಲ್ ಅವರ ವಿಚಾರದ ನೆರಳಿನಲ್ಲಿ ಬೆಳೆದ ಬ್ರಿಟಿಷ್ ವೈದ್ಯರು ಈ ಸಾಧನವನ್ನು ಗಮ್ಮಿನ ವಂಶಕ್ಕೆ ಸೇರಿಸಿದರು. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ, ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ ಎಂದು ಅಂದಾಜು ಮಾಡಿತು. ಈ ಅಂಕಿ ತಜ್ಞರ ಸಮಿತಿಯೊಂದರ ಅಭಿಪ್ರಾಯವನ್ನು ಆಧರಿಸಿದ್ದು, ನೇರ ಅಳತೆಯಲ್ಲ ಎಂದು ‘ಲ್ಯಾನ್ಸೆಟ್’ ಪತ್ರಿಕೆ ಕಟುವಾಗಿ ಟೀಕಿಸಿತು. 1962ರಲ್ಲಿಯೇ ಧೂಮಪಾನದ ವಿರುದ್ಧ ಚಾರಿತ್ರಿಕ ವರದಿ ಕೊಟ್ಟಿದ್ದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಇ-ಸಿಗರೇಟನ್ನು ಧೂಮಪಾನಿಗಳಿಗೆ ಬದಲಿಯಾಗಿ ಉತ್ತೇಜಿಸಬೇಕೆಂದಿತು. 2019ರಲ್ಲಿ ಪ್ರಕಟವಾದ, 886 ಜನ ಭಾಗವಹಿಸಿದ್ದ ಬ್ರಿಟಿಷ್ ಪ್ರಯೋಗವೊಂದರಲ್ಲಿ ಇ-ಸಿಗರೇಟು ಪಡೆದವರಲ್ಲಿ ಶೇ 18ರಷ್ಟು, ಗಮ್ ಮತ್ತು ಪಟ್ಟಿಯಂಥ ಬದಲಿಗಳನ್ನು ಪಡೆದವರಲ್ಲಿ ಶೇ 9.9ರಷ್ಟು ಜನ ಒಂದು ವರ್ಷದ ನಂತರವೂ ಸಿಗರೇಟಿನಿಂದ ದೂರವಿದ್ದರು.

ಇದೇ ಪ್ರಯೋಗದಲ್ಲಿ ಇನ್ನೊಂದು ಅಂಕಿಯೂ ಇತ್ತು. ಹಾಗೆ ಸಿಗರೇಟು ಬಿಟ್ಟವರಲ್ಲಿ ಇ-ಸಿಗರೇಟು ಗುಂಪಿನ ಶೇ 80ರಷ್ಟು ಜನ ವರ್ಷದ ಕೊನೆಗೂ ಅದನ್ನು ಬಳಸುತ್ತಲೇ ಇದ್ದರು. ಗಮ್, ಪಟ್ಟಿಗಳ ಗುಂಪಿನಲ್ಲಿ ಹಾಗೆ ಮುಂದುವರಿಸಿದವರು ಶೇ 9 ಮಾತ್ರ. ಮೊದಲ ಮುಳ್ಳು ಹೊರಬಂದಿತು ನಿಜ, ಎರಡನೆಯದು ಕೈಯಲ್ಲೇ ಉಳಿಯಿತು.

ಅಮೆರಿಕದ ಅನುಭವ ಬೇರೆ. ಅಲ್ಲಿ ಇ-ಸಿಗರೇಟು ಹಳೆಯ ಧೂಮಪಾನಿಗಳಿಗಿಂತ ಹೆಚ್ಚಾಗಿ ಹದಿಹರೆಯದವರನ್ನು ಹಿಡಿಯಿತು. 2015ರಲ್ಲಿ ಬಂದ ‘ಜೂಲ್’ ಎಂಬ ಪುಟ್ಟ ಉಪಕರಣ ಶಾಲಾ ಮಕ್ಕಳ ಜೇಬು ಸೇರಿತು. 2019ರ ಸಮೀಕ್ಷೆಯಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಶೇ 27.5ರಷ್ಟು ಮಂದಿ ಇ-ಸಿಗರೇಟು ಬಳಸುತ್ತಿದ್ದುದು ಕಂಡುಬಂತು. ನಂತರದ ವರ್ಷಗಳಲ್ಲಿ ಈ ಪ್ರಮಾಣ ಬಹಳ ಇಳಿದಿದೆ. ಅದೇ 2019ರಲ್ಲಿ ನಿಗೂಢ ಶ್ವಾಸಕೋಶದ ಕಾಯಿಲೆಯೊಂದು ಹಬ್ಬಿ, 2020ರ ಫೆಬ್ರವರಿ ವೇಳೆಗೆ 2,807 ಜನ ಆಸ್ಪತ್ರೆ ಸೇರಿ 68 ಜನ ಸತ್ತರು. ಗಾಂಜಾ ಸತ್ವವಿದ್ದ ಕಳ್ಳಮಾರ್ಗದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯೇ ಅದಕ್ಕೆ ಮುಖ್ಯ ಕಾರಣವೆಂದು ಬಳಿಕ ತಿಳಿದರೂ, ಜನರ ಮನಸ್ಸಿನಲ್ಲಿ ಎಲ್ಲ ಇ-ಸಿಗರೇಟುಗಳ ಮೇಲೂ ಕಪ್ಪುಚುಕ್ಕೆ ಬಿತ್ತು.

ಈ ನಡುವೆ ಹಳೆಯ ಆಟಗಾರರೂ ಕಣಕ್ಕಿಳಿದರು. ಹೊನ್ ಲಿಕ್ ಅವರ ಪೇಟೆಂಟುಗಳನ್ನು 2013ರಲ್ಲಿ 7.5 ಕೋಟಿ ಡಾಲರಿಗೆ ಕೊಂಡದ್ದು ಇಂಪೀರಿಯಲ್ ಟೊಬ್ಯಾಕೊ. ಮಾರ್ಲ್‌ಬರೊ ಸಿಗರೇಟಿನ ಒಡೆತನದ ಆಲ್ಟ್ರಿಯಾ 2018ರಲ್ಲಿ 1,280 ಕೋಟಿ ಡಾಲರ್ ಸುರಿದು ಜೂಲ್ ಕಂಪೆನಿಯ ಶೇ 35ರಷ್ಟು ಪಾಲನ್ನು ಪಡೆಯಿತು. ಫಿಲ್ಟರನ್ನು ಅಭಯವೆಂದು ಮಾರಿದ ಉದ್ಯಮವೇ ಈಗ ಆವಿಯನ್ನೂ ಮಾರಲು ನಿಂತಾಗ, 1950ರ ದಶಕವನ್ನು ಬಲ್ಲವರು ಸಂಶಯಪಡುವುದು ಸಹಜ.

ಕ್ಯಾನ್ಸರ್ ವಾರ್ಡಿನ ಲೆಕ್ಕ

ಕ್ಯಾನ್ಸರ್ ರೋಗಿಯ ಪಾಲಿಗೆ ಈ ವಾದ ಬೇರೆಯದೇ ರೂಪ ತಾಳುತ್ತದೆ. ಆರೋಗ್ಯವಂತ ತರುಣನಿಗೆ ಮೂವತ್ತು ವರ್ಷಗಳ ನಂತರದ ಅಪಾಯ ಮುಖ್ಯವಾದರೆ, ರೋಗಿಗೆ ಮುಂದಿನ ಐದು ವರ್ಷಗಳೇ ಮುಖ್ಯ. ‘ಬರಬಾರದ್ದು ಬಂದಾಯಿತು, ಇನ್ನು ಬಿಟ್ಟರೆಷ್ಟು, ಸೇದಿದರೆಷ್ಟು’ ಎಂಬ ಮಾತು ರೋಗಿಗಳ ಬಾಯಲ್ಲಿ ಸಾಮಾನ್ಯ. ಮನೆಯವರೂ ಕನಿಕರದಿಂದ ಸುಮ್ಮನಾಗುತ್ತಾರೆ. ಆದರೆ ಈ ಮಾತು ತಪ್ಪು.

ಆರಂಭದ ಹಂತದ ಶ್ವಾಸಕೋಶ ಕ್ಯಾನ್ಸರ್ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಬ್ರಿಟಿಷ್ ಸಂಶೋಧಕರು 2010ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಹೆಚ್ಚು ಸಾಮಾನ್ಯವಾದ ಬಗೆಯ ಶ್ವಾಸಕೋಶ ಕ್ಯಾನ್ಸರಿರುವ, 65 ವರ್ಷ ವಯಸ್ಸಿನ ರೋಗಿಗಳಲ್ಲಿ ಸೇದುವುದನ್ನು ಮುಂದುವರಿಸಿದವರ ಪೈಕಿ ಐದು ವರ್ಷ ಬದುಕುಳಿಯುವವರು ಶೇ 33. ಬಿಟ್ಟವರಲ್ಲಿ ಶೇ 70. ಬಿಟ್ಟವರು ಬೇರೆ ವಿಧದಲ್ಲೂ ಹೆಚ್ಚು ಗಟ್ಟಿಮುಟ್ಟಾಗಿದ್ದಿರಬಹುದು, ಆದ್ದರಿಂದ ಅಷ್ಟೂ ಶ್ರೇಯಸ್ಸು ಸಿಗರೇಟು ಬಿಟ್ಟದ್ದಕ್ಕೇ ಸಲ್ಲದಿರಬಹುದು. ಆದರೂ ದಿಕ್ಕು ಸ್ಪಷ್ಟ. ಧೂಮಪಾನ ಮುಂದುವರಿಸುವುದು ಕ್ಯಾನ್ಸರ್ ರೋಗಿಗಳ ಸಾವನ್ನು ಹೆಚ್ಚಿಸುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ ವರದಿಯೂ 2014ರಲ್ಲಿ ಸ್ಪಷ್ಟಪಡಿಸಿತು.

ಇದಕ್ಕೆ ಕಾರಣಗಳೂ ತಿಳಿದಿವೆ. ಸಿಗರೇಟಿನ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನು ಕಸಿಯುತ್ತದೆ. ವಿಕಿರಣ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಬೇಕಾದರೆ ಗೆಡ್ಡೆಯಲ್ಲಿ ಆಮ್ಲಜನಕವಿರಬೇಕು. ಶಸ್ತ್ರಚಿಕಿತ್ಸೆಯ ಗಾಯ ಧೂಮಪಾನಿಗಳಲ್ಲಿ ತಡವಾಗಿ ಮಾಗುತ್ತದೆ, ನ್ಯುಮೋನಿಯಾದ ಭಯ ಹೆಚ್ಚು. ಟಾರಿನಲ್ಲಿರುವ ಪದಾರ್ಥಗಳು ಯಕೃತ್ತನ್ನು ಚುರುಕುಗೊಳಿಸಿ, ಎರ್ಲೊಟಿನಿಬ್‌ನಂಥ ಬೆಲೆಬಾಳುವ ಕ್ಯಾನ್ಸರ್ ಔಷಧಿಗಳನ್ನು ಬೇಗನೆ ದೇಹದಿಂದ ಹೊರಹಾಕಿಸುತ್ತವೆ. ಸಾಲ ಮಾಡಿ ತಂದ ಮಾತ್ರೆಯ ಅರ್ಧ ಶಕ್ತಿ ಹೊಗೆಯಲ್ಲಿ ಹೋಗುತ್ತದೆ ಎಂದರೂ ಸಲ್ಲುತ್ತದೆ. ಈ ಹಾನಿಗಳಲ್ಲಿ ಹೆಚ್ಚಿನವು ಉರಿಯುವ ಹೊಗೆಯಿಂದ ಬರುವಂಥವು. ಇ-ಸಿಗರೇಟಿನ ಪರವಾದಿಗಳ ಬಲವಿರುವುದು ಇಲ್ಲಿಯೇ.

ವಿರೋಧಿಗಳಲ್ಲೂ ಬಲವಾದ ವಾದವಿದೆ. ಪ್ರಾಣಿಗಳಲ್ಲಿ ಮತ್ತು ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ನಿಕೋಟಿನ್ ಗೆಡ್ಡೆಯ ಬೆಳವಣಿಗೆಗೆ ಕುಮ್ಮಕ್ಕು ಕೊಟ್ಟದ್ದು ಕಂಡುಬಂದಿದೆ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ, ಆದರೆ ರೋಗಿಯ ವಿಷಯದಲ್ಲಿ ಎಚ್ಚರ ತಪ್ಪುವಂತಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕರು 1,074 ಧೂಮಪಾನಿ ರೋಗಿಗಳನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇ-ಸಿಗರೇಟು ಬಳಸುತ್ತಿದ್ದವರು ಸಿಗರೇಟು ಬಿಡುವುದರಲ್ಲಿ ಇತರರಿಗಿಂತ ಮುಂದಿರಲಿಲ್ಲ. ಅವರ ಚಟವೇ ಮೊದಲಿನಿಂದ ಹೆಚ್ಚು ಬಲವಾಗಿತ್ತೆಂಬುದನ್ನೂ ಅದೇ ವರದಿ ಹೇಳಿದೆ. ಅನೇಕರು ಒಳಗೆ ಆವಿ, ಹೊರಗೆ ಹೊಗೆ ಎಂದು ಎರಡನ್ನೂ ಇಟ್ಟುಕೊಳ್ಳುವುದೂ ಉಂಟು. ಅಂಥವರಿಗೆ ಲಾಭ ಅತ್ಯಲ್ಪ. ಇವನ್ನೆಲ್ಲ ತೂಗಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಗಳು 2015ರಲ್ಲಿ, ಮೊದಲು ಪರೀಕ್ಷಿತ ಚಿಕಿತ್ಸೆಗಳನ್ನೇ ಬಳಸಬೇಕೆಂದು ಸಲಹೆ ಮಾಡಿದವು.

ನಮ್ಮಲ್ಲಿ ಏನಿದೆ?

ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳು ಹೊಸ ಚಟಕ್ಕೆ ಬೀಳಬಾರದು ಎಂಬುದು ಸರ್ಕಾರದ ಸಮರ್ಥನೆ. ಬೀಡಿ, ಸಿಗರೇಟು ಮೂಲೆಯ ಗೂಡಂಗಡಿಯಲ್ಲಿ ಸಿಗುವಾಗ ಕಡಿಮೆ ಹಾನಿಯದನ್ನು ಮಾತ್ರ ನಿಷೇಧಿಸುವುದು ಯಾವ ನ್ಯಾಯ ಎಂಬುದು ಟೀಕಾಕಾರರ ಪ್ರಶ್ನೆ. ಎರಡರಲ್ಲೂ ಹುರುಳಿದೆ.

ನಮ್ಮ ದೇಶದ ತಂಬಾಕಿನ ಚಿತ್ರವೂ ಲಂಡನ್ನಿನಂತಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.7ರಷ್ಟು ಜನ ಹೊಗೆ ಸೇದುವವರಾದರೆ, ಜಗಿಯುವ ಮತ್ತು ಬಾಯಲ್ಲಿಡುವ ತಂಬಾಕಿನವರು ಶೇ 21.4. ಇಲ್ಲಿ ‘ಹೊಗೆಯಿಲ್ಲದ ತಂಬಾಕು ಸುರಕ್ಷಿತ’ ಎಂಬ ಅರ್ಧ ಸತ್ಯ ಹಬ್ಬಿದರೆ ಅನಾಹುತವಾದೀತು. ಗುಟ್ಕಾ, ಜರ್ದಾಗಳೇ ಬಾಯಿಯ ಕ್ಯಾನ್ಸರಿಗೆ ರಾಜಮಾರ್ಗ. ಆವಿಯ ಕುರಿತ ಮಾತು ಅವುಗಳಿಗೆ ಎಳ್ಳಷ್ಟೂ ಅನ್ವಯಿಸದು.

ಇ-ಸಿಗರೇಟಿನ ಬಾಗಿಲು ಮುಚ್ಚಿದ ಮಾತ್ರಕ್ಕೆ ರೋಗಿಯ ಎದುರು ದಾರಿಗಳೇ ಇಲ್ಲವೆಂದಲ್ಲ. ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ಭಾರತದ ರಾಷ್ಟ್ರೀಯ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿದೆ. 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆ ಚಟ ಬಿಡಿಸುವ ಉಚಿತ ದೂರವಾಣಿ ಸಂಖ್ಯೆ 1800-11-2356 ಮುದ್ರಿತವಾಗುತ್ತಿದೆ. ಈ ಸೇವೆಯ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ಮೂಗಿಗಿಂತ ಮೂಗುತಿ ಭಾರವಾಗುವಂಥ ಚಿಕಿತ್ಸೆಗಳ ನಡುವೆ ಇವು ಅಗ್ಗದವು. ಆದರೂ ಕ್ಯಾನ್ಸರ್ ಚಿಕಿತ್ಸೆಯ ಚೀಟಿಯಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಿಗಳ ಜೊತೆಗೆ ತಂಬಾಕಿನ ಚಟದ ಚಿಕಿತ್ಸೆಯೂ ಬರೆಯಲ್ಪಡುವುದು ಅಪರೂಪ. ಚಟವನ್ನು ಕಾಯಿಲೆಯೆನ್ನದೆ ತಪ್ಪೆಂದು ನೋಡುವ ಅಭ್ಯಾಸ ನಮ್ಮದು. ಬೈಯಿಸಿಕೊಳ್ಳುವ ಭಯಕ್ಕೆ ರೋಗಿ ಸುಳ್ಳು ಹೇಳುತ್ತಾನೆ. ಸುಳ್ಳು ಹೇಳಿದ ರೋಗಿಗೆ ಸರಿಯಾದ ಪ್ರಮಾಣದ ಔಷಧಿ ಕೊಡುವುದೂ ವೈದ್ಯರಿಗೆ ಕಷ್ಟ.

ನೂರು ವರ್ಷಗಳ ಈ ಕಥೆ ಕಲಿಸುವುದು ಇಷ್ಟು. ಸಣ್ಣ ವಿಷ ಔಷಧಿಯಾಗುವುದೋ ಬಲೆಯಾಗುವುದೋ ಎಂಬುದು ಅದನ್ನು ಯಾರು ಕೊಡುತ್ತಾರೆ, ಯಾರ ಮೇಲೆ ಪರೀಕ್ಷಿಸಿದ್ದಾರೆ, ಅದನ್ನು ಬಿಡಿಸುವ ದಿನವನ್ನು ಯಾರು ಗೊತ್ತುಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ. ಫ್ಲೈಶಲ್‌ಗೆ ಕೊಟ್ಟ ಕೊಕೇನಿನಲ್ಲಿ, ಕೆಂಟ್ ಸಿಗರೇಟಿನ ಫಿಲ್ಟರಿನಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಫೆರ್ನೊ ಅವರ ಗಮ್ಮಿನಲ್ಲಿ ಕೇಳಲಾಯಿತು. ಇ-ಸಿಗರೇಟು ಇನ್ನೂ ಇವೆರಡರ ನಡುವೆ ನಿಂತಿದೆ. ಕ್ಯಾನ್ಸರ್ ರೋಗಿಗಳ ಮೇಲೆಯೇ ಸಾಕಷ್ಟು ಪ್ರಯೋಗಗಳು ನಡೆದು ಉತ್ತರ ಸಿಗುವ ತನಕ ಅದು ಅಲ್ಲಿಯೇ ನಿಲ್ಲಬೇಕಾದೀತು. ಅಲ್ಲಿಯವರೆಗೆ ರೋಗಿ ಕಾಯಲಾರ. ಪರೀಕ್ಷೆಯಲ್ಲಿ ಗೆದ್ದ ಔಷಧಿಗಳು ಕೈಗೆಟಕುವಲ್ಲಿ ಇರುವಾಗ, ಫ್ರಾಯ್ಡ್ ಅವರ ವೈದ್ಯರಂತೆ ‘ಬಿಡಿ’ ಎಂಬ ಒಂದೇ ಮಾತು ಹೇಳಿ ರೋಗಿಯನ್ನು ಮನೆಗೆ ಕಳುಹಿಸುವುದಕ್ಕೆ ಇಂದಿನ ಆಸ್ಪತ್ರೆಗಳ ಬಳಿ ನೆಪ ಉಳಿದಿಲ್ಲ.